ಡಾನ್ ಸಿನಿಮಾದ ಲೆಕ್ಕಪುಸ್ತಕ

ಕೇರಳದ ಮಂಜೇಶ್ವರ ತಾಲೂಕಿನ ಒಂದು ಹಳ್ಳಿ ವಾಚನಾಲಯದಲ್ಲಿ ಹದಿನೆಂಟು ದಾಟಿದ ಹುಡುಗ ಹುಡುಗಿಯರ ಜತೆ ಕೂತು ಭೂಗತ ಲೋಕದ ಡಾನ್ ಇರುವ ಸಿನಿಮಾಗಳನ್ನು ನೋಡುವುದು, ನೋಡಿದ ಮೇಲೆ ಸಿನಿಮಾದೊಳಗಿನ ದಂಧೆಯ ಜಮಾ ಖರ್ಚು ಬರೆಸುವುದು. ನಾನು ಮಾಡುತ್ತ ಬಂದಿರುವ ಕೆಲಸ ಇಷ್ಟೆ. ಐದು ಭಾನುವಾರ, ಐದು ಸಿನಿಮಾ, ಒಬ್ಬೊಬ್ಬರಿಗೆ ನೂರು ಪುಟದ ಒಂದೊಂದು ನೋಟ್‌ಬುಕ್. ತಮ್ಮ ಊರಿನಲ್ಲೂ ಮಾಡಬೇಕೆನ್ನುವ ಯುವಕ ಮಂಡಲದವರಿಗೆ, ಅಧ್ಯಾಪಕರಿಗೆ ಉಪಯೋಗವಾಗಲಿ ಎಂದು ಅದರ ಕ್ರಮವನ್ನೂ ಅದು ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನೂ ಬರೆಯುತ್ತಿದ್ದೇನೆ.

‘ಇಂಥದ್ದನ್ನೆಲ್ಲ ನೋಡಿ ಹಾಳಾಗಬೇಡಿ’ ಎಂದು ಶುರು ಮಾಡಿದರೆ ಆ ಭಾನುವಾರ ಅಲ್ಲಿಗೇ ಮುಗಿಯಿತು. ಹುಡುಗರು ತಲೆ ಆಡಿಸುತ್ತಾರೆ, ಮನಸ್ಸಿನ ಬಾಗಿಲು ಹಾಕಿಕೊಳ್ಳುತ್ತಾರೆ. ಈ ಸಿನಿಮಾಗಳಲ್ಲಿ ಸೆಳೆತ ಇದೆ, ನಮ್ಮನ್ನೂ ಸೆಳೆಯುತ್ತದೆ ಎಂದು ನಡೆಸುವವರೇ ಮೊದಲು ಒಪ್ಪಬೇಕು. ಕುಂಬಳೆ ಸೀಮೆಯಲ್ಲಿ ಇದನ್ನು ವಿವರಿಸಲು ಕಷ್ಟವಿಲ್ಲ. ದೇವಿ ಮಹಾತ್ಮೆಯ ಯಕ್ಷಗಾನ ಆಟಕ್ಕೆ ಹೋದವರು ಮಹಿಷಾಸುರ ಬರುವ ಹೊತ್ತಿಗೆ ಎದ್ದು ಕೂರುತ್ತಾರೆ, ಮಲಗಿದ ಮಕ್ಕಳನ್ನು ಎಬ್ಬಿಸುತ್ತಾರೆ. ಅವನು ಚೌಕಿಯಿಂದ, ಎಂದರೆ ಬಣ್ಣ ಹಚ್ಚುವ ಜಾಗದಿಂದ, ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಸಭೆಯ ನಡುವಿನಿಂದ, ದೊಂದಿಯ ಬೆಂಕಿಯಲ್ಲಿ, ಚೆಂಡೆಯ ಅಬ್ಬರದಲ್ಲಿ ಬರುತ್ತಾನೆ. ದೇವಿಗೆ ಕೈ ಮುಗಿಯುತ್ತೇವೆ, ಮಹಿಷನನ್ನು ಕಣ್ತುಂಬ ನೋಡುತ್ತೇವೆ. ಸಿನಿಮಾದವರು ಡಾನ್‌ನನ್ನು ಒಳಗೆ ತರುವುದೂ ಇದೇ ಕಸುಬಿನಿಂದ. ಮೊದಲು ಬೇರೆಯವರ ಬಾಯಲ್ಲಿ ಹೆಸರು, ಆಮೇಲೆ ಬೆನ್ನು, ಆಮೇಲೆ ಕೈ, ತುಂಬ ಕಾಯಿಸಿ ಕೊನೆಗೆ ಮುಖ. ವ್ಯತ್ಯಾಸ ಒಂದೇ. ಆಟ ಮುಗಿದ ಮೇಲೆ ಚೌಕಿಗೆ ಇಣುಕಿದರೆ ಮಹಿಷ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿರುವುದು ಮಕ್ಕಳಿಗೆ ಕಾಣುತ್ತದೆ. ಸಿನಿಮಾಕ್ಕೆ ಚೌಕಿ ಇಲ್ಲ. ನೋಟ್‌ಬುಕ್ಕಿನಲ್ಲಿ ನಾವು ಕಟ್ಟುವುದು ಆ ಚೌಕಿಯನ್ನು.

ಜನ 25ಕ್ಕಿಂತ ಹೆಚ್ಚು ಬೇಡ. 30 ದಾಟಿದರೆ ಮಾತಾಡುವವರು ಅದೇ ನಾಲ್ಕು ಮಂದಿ, ಉಳಿದವರು ಪ್ರೇಕ್ಷಕರು. 3,000 ಲ್ಯೂಮೆನ್ಸಿನ ಪ್ರೊಜೆಕ್ಟರ್, ಎಂಟು ಅಡಿ ಅಗಲದ ಪರದೆ ಸಾಕು. ಆದರೆ ಕೋಣೆ ನಿಜವಾಗಿ ಕತ್ತಲೆಯಾಗಬೇಕು. ‘ದಿ ಗಾಡ್‌ಫಾದರ್’ನ ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ದೀಪವನ್ನು ತಲೆಯ ಮೇಲಿನಿಂದ ಬಿಟ್ಟು ಕಣ್ಣುಗುಳಿಗಳನ್ನು ನೆರಳಿನಲ್ಲಿ ಇಟ್ಟಿದ್ದಾರೆ. ಕಿಟಕಿಯ ಸಂದಿಯಿಂದ ಮಧ್ಯಾಹ್ನದ ಬೆಳಕು ಒಳಬಂದರೆ ಪರದೆಯ ಮೇಲೆ ಕಾಣುವುದು ಕಪ್ಪು ಮಸಿ ಮಾತ್ರ. ಒಂದು ಪದರದ ಕಪ್ಪು ಬಟ್ಟೆ ಸಾಲದು, ಎರಡು ಪದರ ಬೇಕು. ಕರೆಂಟಿನ ಲೆಕ್ಕ ಹೀಗೆ: ಪ್ರೊಜೆಕ್ಟರಿಗೆ 300 ವಾಟ್, ಸ್ಪೀಕರಿಗೆ 100 ವಾಟ್ ಎಂದರೆ ಮೂರು ಗಂಟೆಗೆ 1,200 ವಾಟ್ ಅವರ್. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ಕಾಗದದ ಮೇಲೆ 1,800 ಕೊಡುತ್ತದೆ. ಹಳೆಯದಾಗಿದ್ದರೆ ಅರ್ಧಕ್ಕೇ ಕೈ ಕೊಡುತ್ತದೆ, ಸಿನಿಮಾ ಕ್ಲೈಮ್ಯಾಕ್ಸಿನಲ್ಲಿ ನಿಂತುಹೋಗುತ್ತದೆ. ಮಳೆಗಾಲದಲ್ಲಿ ಇಡಲೇಬೇಡಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಒಂದು ಮಾತೂ ಕೇಳುವುದಿಲ್ಲ. ಅಕ್ಟೋಬರ್, ನವೆಂಬರಿನ ತುಲಾಮಳೆ ನಿಂತ ಮೇಲೆ ಶುರು ಮಾಡಿದರೆ ಸುಖ.

ಕಾನೂನಿನ ವಿಷಯದಲ್ಲಿ ಎರಡು ಮಾತು. ಮನೆಯ ಓಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಅಲ್ಲ. ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಟಿಕೆಟ್ ಇಲ್ಲದ ಶೈಕ್ಷಣಿಕ ಪ್ರದರ್ಶನ ಎಂದು ವಿವರಿಸಿ ಎರಡು ತಿಂಗಳು ಮೊದಲೇ ಪತ್ರ ಬರೆಯಿರಿ, ಒಪ್ಪಿಗೆ ಸಿಗದಿದ್ದರೆ ಬೇರೆ ಸಿನಿಮಾ ಆರಿಸಿ. ಇನ್ನೊಂದು, ಸಿನಿಮಾ ಶುರುವಾಗುವ ಮೊದಲು ಕಾಣುವ ಪ್ರಮಾಣಪತ್ರದಲ್ಲಿ ‘ಎ’ ಇದ್ದರೆ ಹದಿನೆಂಟರೊಳಗಿನವರನ್ನು ಕೂರಿಸುವಂತಿಲ್ಲ. ಕಾರ್ಯಕ್ರಮ ಒಳ್ಳೆಯದಕ್ಕಾಗಿಯೇ ಇರಲಿ, ಇದಕ್ಕೆ ವಿನಾಯಿತಿ ಇಲ್ಲ. ಪ್ಲಸ್ ಟು ಮಕ್ಕಳಿಗೆ ಮಾಡುವುದಾದರೆ ಅವರ ವಯಸ್ಸಿಗೆ ಒಪ್ಪುವ ಪ್ರಮಾಣಪತ್ರದ ಸಿನಿಮಾಗಳನ್ನೇ ಆರಿಸಿ ಬೇರೆ ತಂಡ ಮಾಡಿ.

ನಮ್ಮಲ್ಲಿ ಕನ್ನಡ, ತುಳು, ಮಲಯಾಳಂ ಮೂರೂ ಮನೆಮಾತು. ಮಲಯಾಳಂ ಚಿತ್ರಗಳಿಗೆ ಏನೂ ಬೇಡ. ಇಂಗ್ಲಿಷ್ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ನಾವೇ ಕೂಡಿಸುತ್ತೇವೆ. ಸಾಲಿಗೆ 30 ಅಕ್ಷರ ಮೀರಬಾರದು, ಎರಡು ಸಾಲಿಗಿಂತ ಹೆಚ್ಚು ಬೇಡ, ಫೈಲನ್ನು ಯುಟಿಎಫ್-8ರಲ್ಲಿ ಉಳಿಸದಿದ್ದರೆ ಅಕ್ಷರದ ಜಾಗದಲ್ಲಿ ಚೌಕಟ್ಟುಗಳು ಬರುತ್ತವೆ. ಅನುವಾದಿಸುವಾಗ ಡಾನ್‌ನ ಮಾತಿಗೆ ಪ್ರಾಸ, ಪಂಚ್ ಸೇರಿಸಬೇಡಿ. ಹುಡುಗರಿಗೆ ಸೇರಿಸುವ ಆಸೆ ಆಗೇ ಆಗುತ್ತದೆ. ಮೂಲದಲ್ಲಿ ಇಲ್ಲದ ಮೆರುಗನ್ನು ಕೊಡಲು ನಾವು ಕೂತಿದ್ದಲ್ಲ.

ಮೊದಲ ಸಲ ಸಿನಿಮಾವನ್ನು ಎಲ್ಲೂ ನಿಲ್ಲಿಸಬಾರದು. ನಿಲ್ಲಿಸಿ ನಿಲ್ಲಿಸಿ ವಿವರಿಸಿದರೆ ಸೆಳೆತ ಕೆಲಸವನ್ನೇ ಮಾಡುವುದಿಲ್ಲ, ಕೆಲಸ ಮಾಡದ ಸೆಳೆತವನ್ನು ಪರೀಕ್ಷಿಸುವುದು ಹೇಗೆ? ಮುಗಿದ ಕೂಡಲೇ ಚರ್ಚೆಯೂ ಬೇಡ. ಇಪ್ಪತ್ತು ನಿಮಿಷ ಚಾ, ಅವಲಕ್ಕಿ. ಅಂಗಳದಲ್ಲಿ ಹುಡುಗರು ತಾವಾಗಿ ಆಡುವ ಮಾತಿಗೆ ಕಿವಿ ಕೊಡಿ, ನಡುವೆ ಬಾಯಿ ಹಾಕಬೇಡಿ. ಒಳಗೆ ಬಂದ ಮೇಲೆ ಒಂದೊಂದು ಚೀಟಿ ಕೊಟ್ಟು ಒಂದೇ ಪ್ರಶ್ನೆ: ಯಾವ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು ಅನಿಸಿತು? ಹೆಸರು ಬರೆಯುವಂತಿಲ್ಲ. ಚೀಟಿಗಳನ್ನು ವಿಂಗಡಿಸಿದರೆ ಹೊಡೆದಾಟ, ಗುಂಡು ಹಾರಿಸುವುದು ಮೇಲೆ ಬರುತ್ತದೆ ಎಂದುಕೊಳ್ಳುತ್ತೀರಿ. ಸಾಮಾನ್ಯವಾಗಿ ಮೇಲೆ ಬರುವುದು ಯಾರೋ ಎದ್ದು ನಿಂತು ಜಾಗ ಬಿಡುವುದು, ಸಾಲು ತಪ್ಪಿಸಿ ಒಳಗೆ ಹೋಗುವುದು, ಒಂದೇ ಫೋನಿನಲ್ಲಿ ಕೆಲಸ ಆಗುವುದು. ಒಂದು ಸರ್ಟಿಫಿಕೇಟಿಗೆ ಮೂರು ಸಲ ಬಸ್ಸು ಹತ್ತುವ, ಕೌಂಟರಿನಲ್ಲಿ ತನ್ನ ಭಾಷೆಗೆ ಉತ್ತರ ಸಿಗದೆ ಹಿಂದೆ ಬರುವ ಗಡಿನಾಡಿನ ಹುಡುಗನಿಗೆ ಅದು ಬಂದೂಕಿಗಿಂತ ದೊಡ್ಡದಾಗಿ ಕಾಣುತ್ತದೆ. ಇದು ನನಗೆ ಮುಖ್ಯವಾದ ತಿಳಿವಳಿಕೆ. ಹಿಂಸೆಯ ವಿರುದ್ಧ ಮಾಡುವ ಭಾಷಣ ಈ ಹುಡುಗನಿಗೆ ತಾಗುವುದೇ ಇಲ್ಲ, ಅವನು ಹಿಂಸೆಯನ್ನು ಆಸೆಪಟ್ಟೇ ಇಲ್ಲ.

ಆಮೇಲೆ ಲೆಕ್ಕಪುಸ್ತಕ. ಅಡ್ಡ ಹಾಳೆಯಲ್ಲಿ ಐದು ಕಲಂ: ಕೊಟ್ಟವರು, ತೆಗೆದುಕೊಂಡವರು, ಕೈಯಾರೆ ಕೆಲಸ ಮಾಡಿದವರು, ಸಿಕ್ಕಿಬಿದ್ದವರು ಅಥವಾ ಸತ್ತವರು, ಮನೆಯಲ್ಲಿ ಉಳಿದವರು. ಪಾತ್ರದ ಹೆಸರು ಬರೆಯಕೂಡದು, ಕೆಲಸ ಮಾತ್ರ: ಅಂಗಡಿಯವನು, ಡ್ರೈವರ್, ತಂಗಿ, ಪೊಲೀಸ್. ಇದಕ್ಕೆ ಎರಡು ಕಾರಣ. ಹೆಸರಿಗೆ ನಟನ ಮುಖ ಅಂಟಿಕೊಂಡಿರುತ್ತದೆ, ಮುಖ ಕಣ್ಣ ಮುಂದೆ ಇದ್ದಷ್ಟು ಹೊತ್ತು ಲೆಕ್ಕ ಓರೆಯಾಗುತ್ತದೆ. ಇನ್ನೊಂದು, ಹೆಸರು ಬಂದರೆ ಜಾತಿ, ಮತ ಬರುತ್ತದೆ. ಕಾಸರಗೋಡಿನಲ್ಲಿ ಚರ್ಚೆ ಅತ್ತ ವಾಲಿತು ಎಂದರೆ ಸಿನಿಮಾ ಮರೆತುಹೋಗುತ್ತದೆ, ಮುಂದಿನ ಭಾನುವಾರ ಅರ್ಧ ಜನ ಬರುವುದಿಲ್ಲ.

ಸಿನಿಮಾಗಳ ಅನುಕ್ರಮವನ್ನು ತುಂಬ ತಿದ್ದಿ ತಿದ್ದಿ ಈಗ ಹೀಗೆ ನಿಲ್ಲಿಸಿದ್ದೇವೆ. ಮೊದಲಿಗೆ 2024ರ ಮಲಯಾಳಂ ‘ಆವೇಶಂ’. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ಮೂವರು ಮಲಯಾಳಿ ಹುಡುಗರು, ಸೀನಿಯರ್‌ಗಳ ಹೊಡೆತ ತಿಂದು, ಸ್ಥಳೀಯ ಬಲ ಹುಡುಕಿ ರಂಗ ಎಂಬ ರೌಡಿಯ ಕೈಗೆ ಬೀಳುತ್ತಾರೆ. ಮಂಗಳೂರು, ಬೆಂಗಳೂರಿನ ಹಾಸ್ಟೆಲ್ ಕಂಡ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಎಲ್ಲರೂ ಮೊದಲೇ ನೋಡಿರುತ್ತಾರೆ, ಆದ್ದರಿಂದ ಕಲಂ ತುಂಬುವುದನ್ನು ಕಲಿಸಲು ಇದು ಸುಲಭ. ‘ಕೊಟ್ಟವರು’ ಕಲಂನಲ್ಲಿ ಮೊದಲು ಎಲ್ಲರೂ ರಂಗನನ್ನು ಬರೆಯುತ್ತಾರೆ: ಕುಡಿಸಿದ, ತಿನ್ನಿಸಿದ, ಹೊಡೆದುಕೊಟ್ಟ. ಹಾಗಾದರೆ ಹುಡುಗರು ಏನು ಕೊಟ್ಟರು ಎಂದು ಕೇಳಿದ ಮೇಲೆ ಕಲಂ ನಿಧಾನವಾಗಿ ತುಂಬುತ್ತದೆ: ತರಗತಿ, ಪರೀಕ್ಷೆ, ಇರುಳಿನ ನಿದ್ದೆ, ಬೇಡ ಎನ್ನುವ ಸ್ವಾತಂತ್ರ್ಯ. ಸಹಾಯ ಕೇಳಿದ ದಿನವೇ ಸಾಲ ಶುರುವಾಗಿತ್ತು ಎಂಬುದು ಅವರ ಪೆನ್ನಿನಿಂದಲೇ ಬರುತ್ತದೆ.

ಎರಡನೆಯದು 1995ರ ‘ಓಂ’. ಉಪೇಂದ್ರ ಇದರಲ್ಲಿ ಬೆಂಗಳೂರಿನ ನಿಜದ ರೌಡಿಗಳನ್ನೇ ಪರದೆಗೆ ತಂದರು. ಅರ್ಚಕನ ಮಗ ಲಾಂಗು ಹಿಡಿಯುವ ಕಥೆ. ಇಲ್ಲಿ ನಾವು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಒಂದೇ ಅಂಶ ತೆಗೆದುಕೊಳ್ಳುತ್ತೇವೆ. ‘ಅವರು ನಿಜದ ರೌಡಿಗಳಂತೆ’ ಎಂಬ ಮಾತು ಸಿನಿಮಾಕ್ಕೆ ಸತ್ಯದ ಬಲ ಕೊಡುತ್ತದೆ, ಅದೇ ಮಾತು ಆ ರೌಡಿಗಳಿಗೆ ತಾರೆಯ ಪ್ರಭೆಯನ್ನೂ ಕೊಡುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವಂತಿಲ್ಲ. ಇದೇ ವಾರ ಕಸುಬಿನ ಮಾತುಗಳನ್ನು ಕಪ್ಪು ಹಲಗೆಯ ಮೇಲೆ ಬರೆಸುತ್ತೇವೆ: ಹಫ್ತಾ, ಮಾಮೂಲು, ಸ್ಕೆಚ್, ಸುಪಾರಿ, ನಮ್ಮ ಕೇರಳದ ಕಡೆಯ ಕೊಟೇಷನ್. ಹಫ್ತಾ ಎಂದರೆ ವಾರ. ಮಾಮೂಲು ಎಂದರೆ ಎಂದಿನದು. ಸ್ಕೆಚ್ ಎಂದರೆ ನಕ್ಷೆ, ಇಲ್ಲಿ ಕೊಲೆಯ ಸಂಚು. ಕೊಟೇಷನ್ ಟೆಂಡರಿನ ಮಾತು, ಇಲ್ಲಿ ಹಣ ಪಡೆದು ಹೊಡೆಯುವ, ಕೊಲ್ಲುವ ಗುತ್ತಿಗೆ. ಸುಪಾರಿ ಎಂದರೆ ನಮ್ಮ ತೋಟದ ಅಡಿಕೆ. ಅಡಿಕೆ ಸುಲಿದು ಬದುಕುವ ನಾಡಿನಲ್ಲಿ ಆ ಹೆಸರು ಕೊಲೆಯ ಮುಂಗಡಕ್ಕೆ ಅಂಟಿಕೊಂಡಿದೆ. ರಕ್ತದ ವಾಸನೆ ಇರುವ ಶಬ್ದ ಒಂದೂ ಇಲ್ಲ, ಎಲ್ಲ ವ್ಯಾಪಾರದ, ದಿನಬಳಕೆಯ ಶಬ್ದಗಳು. ಮಾತೇ ಅರ್ಧ ಅಂಜಿಕೆಯನ್ನು ಕಳೆದುಬಿಡುತ್ತದೆ.

ಮೂರನೆಯ ವಾರ 1972ರ ‘ದಿ ಗಾಡ್‌ಫಾದರ್’. 175 ನಿಮಿಷ, ಆದ್ದರಿಂದ ಮಧ್ಯಾಹ್ನ ಒಂದೂವರೆಗೇ ಶುರು. ಇದರ ಲೆಕ್ಕ ಅತಿ ಕಷ್ಟದ್ದು, ಅತಿ ಬೆಲೆಯದ್ದು. ಮೊದಲ ದೃಶ್ಯದಲ್ಲಿ ಶವಸಂಸ್ಕಾರದ ಕಸುಬಿನವನೊಬ್ಬ ಮಗಳಿಗಾದ ಅನ್ಯಾಯಕ್ಕೆ ಕೋರ್ಟಿನಲ್ಲಿ ನ್ಯಾಯ ಸಿಗಲಿಲ್ಲ ಎಂದು ಡಾನ್‌ನ ಮುಂದೆ ನಿಂತಿದ್ದಾನೆ. ಮಾರಾಟಕ್ಕಿರುವ ಸರಕು ಮದ್ಯವೂ ಅಲ್ಲ, ಜೂಜೂ ಅಲ್ಲ, ನ್ಯಾಯ. ಬೆಲೆ ಎಷ್ಟು? ಆ ಹೊತ್ತಿಗೆ ಸೊನ್ನೆ, ಮುಂದೆ ಒಂದು ದಿನ ತೀರಿಸಬೇಕಾದ ಉಪಕಾರ. ಆ ದಿನ ಬರುತ್ತದೆ, ಗುಂಡಿನಿಂದ ಜರ್ಜರಿತನಾದ ಡಾನ್‌ನ ಮಗನ ಹೆಣವನ್ನು ತಾಯಿ ನೋಡುವಂತೆ ಮಾಡಿಕೊಡುವ ಕೆಲಸ. ಈ ಎರಡು ದೃಶ್ಯಗಳನ್ನು ಒಂದೇ ಸಾಲಿನಲ್ಲಿ ಬರೆಸಬೇಕು. ಅದನ್ನು ಬರೆದ ಮೇಲೆ ‘ಕೊಟ್ಟವರು’ ಕಲಂನಲ್ಲಿ ಇನ್ನು ಯಾರನ್ನು ಹಾಕೋಣ ಎಂದು ಹುಡುಕಿದರೆ ಪೆನ್ನು ನಿಂತುಹೋಗುತ್ತದೆ. ಆಲಿವ್ ಎಣ್ಣೆಯ ವ್ಯಾಪಾರದ ಮಾತು ಬರುತ್ತದೆ, ಜೂಜಿನ ಮಾತು, ಕಾರ್ಮಿಕ ಸಂಘಗಳ ಮಾತು ಬರುತ್ತದೆ. ಹೆದರಿ ವಾರವಾರ ಹಣ ಎಣಿಸಿಕೊಡುವ ಒಬ್ಬ ಸಣ್ಣ ಅಂಗಡಿಯವನ ಮುಖ ಪರದೆಗೆ ಬರುವುದಿಲ್ಲ. ಇಷ್ಟು ದೊಡ್ಡ ಮನೆ, ಇಷ್ಟು ದೊಡ್ಡ ಮದುವೆ, ದುಡ್ಡು ಎಲ್ಲಿಂದ? ಆ ಖಾಲಿ ಕಲಂ ಹುಡುಗರಿಗೆ ತೋರಿಸುವಷ್ಟನ್ನು ನಮ್ಮ ಯಾವ ಮಾತೂ ತೋರಿಸಲಾರದು.

ಈ ಖಾಲಿಯ ಪಕ್ಕದಲ್ಲಿ ಇಡಲು ಎರಡು ಹಾಳೆ ಇಟ್ಟುಕೊಂಡಿದ್ದೇವೆ. ಒಂದರಲ್ಲಿ ಈ ಸಿನಿಮಾದ ಸಂಭಾಷಣೆಯಿಂದ ‘ಮಾಫಿಯಾ’ ಎಂಬ ಶಬ್ದವನ್ನೇ ತೆಗೆದ ಸಂಗತಿ. ಇಟಾಲಿಯನ್ ಅಮೆರಿಕನ್ನರ ಹಕ್ಕುಗಳ ಹೆಸರಿನ ಸಂಘವೊಂದು ವಿರೋಧಿಸಿತು, ನಿರ್ಮಾಪಕರು ಒಪ್ಪಿಕೊಂಡರು. ಆ ಸಂಘ ಕಟ್ಟಿದ ಜೋಸೆಫ್ ಕೊಲಂಬೊ ಸ್ವತಃ ನ್ಯೂಯಾರ್ಕಿನ ಐದು ಮಾಫಿಯಾ ಕುಟುಂಬಗಳಲ್ಲಿ ಒಂದರ ಮುಖ್ಯಸ್ಥ. ಇನ್ನೊಂದು ಹಾಳೆಯಲ್ಲಿ ದುಡ್ಡು ನಿಜವಾಗಿ ಬಂದ ದಾರಿ. ನ್ಯೂಯಾರ್ಕಿನ ಮಾಫಿಯಾ ಮುಖ್ಯಸ್ಥರಿಗೆ 1986ರಲ್ಲಿ ಅಪರಾಧ ನಿರ್ಣಯವಾದ ಮೊಕದ್ದಮೆಯಲ್ಲಿ ಹೊರಬಂದ ಲೆಕ್ಕ ಇದು: 20 ಲಕ್ಷ ಡಾಲರ್ ಮೀರಿದ ಕಾಂಕ್ರೀಟ್ ಗುತ್ತಿಗೆ ಯಾರಿಗೆ ಎಂಬುದನ್ನು ಅವರು ನಿರ್ಧರಿಸುತ್ತಿದ್ದರು, ಶೇಕಡ 2 ಅವರಿಗೆ. ಆ ದೊಡ್ಡ ಕಟ್ಟಡಗಳಿಗೆ ದುಡ್ಡು ಹಾಕಿದವನು ತನಗೆ ಗೊತ್ತಿಲ್ಲದೆಯೂ ಕೊಟ್ಟವನೇ.

ಇದೇ ವಾರ ದೃಶ್ಯ ಬಿಡಿಸುವ ಅಭ್ಯಾಸ ಮಾಡಿಸುತ್ತೇವೆ. ವಾರಕ್ಕೆ ಮೂರು ದೃಶ್ಯ, ಒಂದೊಂದೂ ಆರು ನಿಮಿಷದೊಳಗೆ. ಮೊದಲು ಶಬ್ದ ತೆಗೆದು, ಆಮೇಲೆ ಪ್ರೊಜೆಕ್ಟರಿನ ಬಾಯಿ ಮುಚ್ಚಿ ಶಬ್ದ ಮಾತ್ರ, ಕೊನೆಗೆ ಎರಡೂ ಕೂಡಿ. ಚರ್ಚಿನಲ್ಲಿ ಮಗುವಿನ ಬ್ಯಾಪ್ಟಿಸಂ ನಡೆಯುತ್ತಿರುವಾಗಲೇ ಊರ ತುಂಬ ಕೊಲೆಗಳು ನಡೆಯುವ ಭಾಗಕ್ಕೆ ಈ ಕ್ರಮ ತುಂಬ ಒಪ್ಪುತ್ತದೆ. ಶಬ್ದ ಮಾತ್ರ ಕೇಳಿದರೆ ಲ್ಯಾಟಿನ್ ಮಂತ್ರ, ಚರ್ಚಿನ ಆರ್ಗನ್ ವಾದ್ಯ, ಮಗುವಿನ ಅಳು, ನಡುನಡುವೆ ಗುಂಡು. ಚಿತ್ರ ಮಾತ್ರ ನೋಡಿದರೆ ಮೆಟ್ಟಿಲು ಹತ್ತುವವನು, ಕ್ಷೌರದ ಕುರ್ಚಿ, ಬೆವರು, ಗಾಬರಿಯಾದ ಮುಖಗಳು. ಎರಡೂ ಸೇರಿದಾಗ ಕೊಲೆ ವಿಧಿಯಾಗಿಬಿಡುತ್ತದೆ, ಪೂಜೆಯ ಗಾಂಭೀರ್ಯ ಪಡೆಯುತ್ತದೆ. ಆ ಗಾಂಭೀರ್ಯ ಬಂದದ್ದು ಕೊಲೆಯಿಂದಲ್ಲ, ಆರ್ಗನ್ನಿನಿಂದ ಎಂಬುದು ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಯಾವ ಸಿನಿಮಾದಲ್ಲೂ ಅದು ಕೇಳದೆ ಇರುವುದಿಲ್ಲ. ಕೊನೆಗೆ ಹೆಂಡತಿಯ ಮುಖದ ಮೇಲೆ ಬಾಗಿಲು ಮುಚ್ಚಿಕೊಳ್ಳುವ ದೃಶ್ಯವನ್ನು ‘ಮನೆಯಲ್ಲಿ ಉಳಿದವರು’ ಕಲಂಗೆ ಹಾಕಿಸಿ. ಹುಡುಗಿಯರು ತಂಡದಲ್ಲಿ ಇಲ್ಲದಿದ್ದರೆ ಈ ಕಲಂ ಐದು ವಾರವೂ ಸೊರಗಿಯೇ ಇರುತ್ತದೆ. 25ರಲ್ಲಿ ಹತ್ತು ಮಂದಿಯಾದರೂ ಅವರಿರಲಿ.

ನಾಲ್ಕನೆಯ ವಾರ 1990ರ ‘ಗುಡ್‌ಫೆಲ್ಲಾಸ್’. ಕಲಂಗಳು ತಾವಾಗಿ ತುಂಬಿಕೊಳ್ಳುವ ಸಿನಿಮಾ ಇದು. ನೈಟ್‌ಕ್ಲಬ್ಬಿನ ಹಿಂಬಾಗಿಲಿನಿಂದ, ಅಡಿಗೆಮನೆಯ ನಡುವಿನಿಂದ, ಹುಡುಗಿಯ ಕೈ ಹಿಡಿದು ವೇದಿಕೆಯ ಎದುರಿನ ಮೇಜಿನವರೆಗೆ ನಾಯಕ ನಡೆದು ಹೋಗುವ ಸುಮಾರು ಮೂರು ನಿಮಿಷದ ಶಾಟ್ ಎಲ್ಲೂ ತುಂಡಾಗುವುದಿಲ್ಲ. ಹೊರಗೆ ಸಾಲು ನಿಂತಿದೆ, ಇವನಿಗೆ ಹೊಸ ಮೇಜನ್ನೇ ಹೊತ್ತು ತರುತ್ತಾರೆ. ಚೀಟಿಗಳಲ್ಲಿ ಮೇಲೆ ಬರುವ ಸಾಲು ತಪ್ಪಿಸುವ ಆಸೆಗೆ ಇದಕ್ಕಿಂತ ನೇರವಾದ ರೂಪ ಇಲ್ಲ. ಹುಡುಗರಿಗೆ ಹೇಳಿ: ನಾಯಕನನ್ನು ಬಿಡಿ, ಅಡಿಗೆಮನೆಯಲ್ಲಿ ಇರುವವರನ್ನು ಎಣಿಸಿ, ನೋಟು ಯಾರ ಕೈ ಸೇರಿತು ನೋಡಿ.

ಇದರ ಜೊತೆಗೇ ಹೋಟೆಲ್ ಮಾಲೀಕನ ಭಾಗವನ್ನು ತೋರಿಸಬೇಕು. ಗ್ಯಾಂಗಿನವನೊಬ್ಬ ಬಿಲ್ಲು ಕೊಡದೆ ಸತಾಯಿಸುತ್ತಾನೆ. ಮಾಲೀಕ ರಕ್ಷಣೆಗಾಗಿ ದೊಡ್ಡವನ ಹತ್ತಿರ ಹೋಗಿ ಪಾಲುದಾರನಾಗು ಎನ್ನುತ್ತಾನೆ. ಅಂದಿನಿಂದ ವ್ಯಾಪಾರ ಇರಲಿ ಬಿಡಲಿ ಪಾಲು ಕೊಡಲೇಬೇಕು. ಹೋಟೆಲಿನ ಹೆಸರಿನಲ್ಲಿ ಮುಂಬಾಗಿಲಿಗೆ ಸಾಲದಲ್ಲಿ ಮಾಲು ಬರುತ್ತದೆ, ಹಿಂಬಾಗಿಲಿನಿಂದ ಹೋಗುತ್ತದೆ. 200 ಡಾಲರಿನ ಮದ್ಯದ ಪೆಟ್ಟಿಗೆಯನ್ನು 100ಕ್ಕೆ ಮಾರಿದರೂ ಅವರಿಗೆ ಪೂರ್ತಿ ಲಾಭ. ಯಾಕೆಂದರೆ ಸಾಲ ಅವರ ಹೆಸರಿನಲ್ಲಿ ಇಲ್ಲ. ಹೀರಲು ಏನೂ ಉಳಿಯದಾಗ ಹೋಟೆಲಿಗೆ ಬೆಂಕಿ. ಸಂಘಟಿತ ಅಪರಾಧದ ಇಡೀ ಯಂತ್ರ ಈ ಕೆಲವು ನಿಮಿಷಗಳಲ್ಲಿ ಇದೆ: ಭಯವನ್ನು ಹುಟ್ಟಿಸುವವನೂ ಭಯದಿಂದ ಕಾಯುತ್ತೇನೆ ಎನ್ನುವವನೂ ಒಂದೇ ಮನೆಯವರು. ಹಲಗೆಯ ಮೇಲೆ ಮುಂಬಾಗಿಲು, ಹಿಂಬಾಗಿಲು ಬರೆದು ಬಾಣದ ಗುರುತು ಹಾಕಿಸಿ. ಅಂಗಡಿ ಇಟ್ಟ ಮನೆಯ ಮಕ್ಕಳು ಇದನ್ನು ಬಹಳ ಬೇಗ ಹಿಡಿಯುತ್ತಾರೆ.

ಮೂರನೆಯ ಲೆಕ್ಕ 1978ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ನಿಜಕ್ಕೂ ನಡೆದ ಲುಫ್ತಾನ್ಸಾ ದರೋಡೆಯದು. ಸುಮಾರು 50 ಲಕ್ಷ ಡಾಲರ್ ನಗದು, ಅದರ ಮೇಲೆ 8.75 ಲಕ್ಷ ಡಾಲರಿನ ಒಡವೆ. ಸಿನಿಮಾದಲ್ಲಿ ಯೋಜನೆ ಹಾಕಿದವನು ಪಾಲು ಕೊಡುವುದಕ್ಕಿಂತ ಪಾಲುದಾರರನ್ನು ಮುಗಿಸುವುದು ಅಗ್ಗ ಎಂದುಕೊಳ್ಳುತ್ತಾನೆ. ಹೆಣಗಳು ಕಾರಿನಲ್ಲಿ, ಕಸದ ಲಾರಿಯಲ್ಲಿ, ಮಾಂಸದ ಲಾರಿಯಲ್ಲಿ ಸಿಗುತ್ತವೆ. ‘ಕೈಯಾರೆ ಕೆಲಸ ಮಾಡಿದವರು’ ಕಲಂನ ಎದುರಿಗೆ ಮೊತ್ತ ಬರೆಯಲು ಹೇಳಿ. ಇಲ್ಲೊಂದು ಅಧ್ಯಯನವನ್ನೂ ಸೇರಿಸುತ್ತೇವೆ. ಶಿಕಾಗೊದ ಒಂದು ಮಾದಕವಸ್ತು ಗ್ಯಾಂಗಿನ ಲೆಕ್ಕಪುಸ್ತಕವೇ ಸಂಶೋಧಕ ಸುಧೀರ್ ವೆಂಕಟೇಶ್ ಅವರ ಕೈಗೆ ಸಿಕ್ಕಿತು. ಅವರೂ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಅವರೂ ಅದನ್ನು 2000ದಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ನಿಂತು ಮಾರುವ ಹುಡುಗನಿಗೆ ಗಂಟೆಗೆ ಸುಮಾರು 3.30 ಡಾಲರ್ ದಕ್ಕುತ್ತಿತ್ತು, ಆಗ ಅಮೆರಿಕದಲ್ಲಿ ಕನಿಷ್ಠ ಕೂಲಿ 4.25 ಡಾಲರ್. ಅಧ್ಯಯನದ ನಾಲ್ಕು ವರ್ಷಗಳಲ್ಲಿ ಕೊಲೆಯಾಗುವ ಸಂಭವ ನಾಲ್ವರಲ್ಲಿ ಒಬ್ಬನಿಗೆ.

ಐದನೆಯದು 2016ರ ‘ಕಮ್ಮಟಿಪಾಡಂ’. ಇದನ್ನು ಮೊದಲ ವಾರ ಇಟ್ಟು ನೋಡಿದರೆ ಕೆಡುತ್ತದೆ, ಕೊನೆಗೇ ಇರಬೇಕು. ಕೊಚ್ಚಿ ನಗರ ಬೆಳೆದ ಭೂಮಿಯಲ್ಲಿ ಮೊದಲು ಇದ್ದ ದಲಿತ ಕುಟುಂಬಗಳು, ಆ ಕುಟುಂಬಗಳ ಹುಡುಗರನ್ನೇ ಗೂಂಡಾಗಳನ್ನಾಗಿ ಮಾಡಿ ಆ ಜನರನ್ನೇ ಎಬ್ಬಿಸುವ ದಂಧೆ. ನಾಲ್ಕು ವಾರ ನಾವು ಹುಡುಕಿ ಹುಡುಕಿ ತುಂಬಿದ ಕಲಂಗಳನ್ನು ಈ ಸಿನಿಮಾ ತಾನೇ ತುಂಬಿ ಎದುರಿಗೆ ಇಡುತ್ತದೆ. ಕೊಟ್ಟವರೂ ಕೆಲಸ ಮಾಡಿದವರೂ ಸತ್ತವರೂ ಒಂದೇ ಓಣಿಯವರು, ತೆಗೆದುಕೊಂಡವರು ಬೇರೆ. ವಿನಾಯಕನ್ ಮಾಡಿದ ಗಂಗನ ಪಾತ್ರಕ್ಕೆ ಕೇರಳದ ರಾಜ್ಯ ಪ್ರಶಸ್ತಿ ಬಂತು. ಆ ಪಾತ್ರ ಮುಗಿಯುವಾಗ ಮಾತ್ರ ಕೋಣೆಯಲ್ಲಿ ಯಾರೂ ಡೈಲಾಗ್ ಹೇಳುವುದಿಲ್ಲ.

ಕೊನೆಗೆ ಡಾನ್ ಸಾಯುತ್ತಾನಲ್ಲ, ಅದೇ ಪಾಠವಲ್ಲವೆ ಎಂದು ಹಿರಿಯರು ಕೇಳುತ್ತಾರೆ. ಅಲ್ಲ. 1930ರ ದಶಕದಲ್ಲೇ ಅಮೆರಿಕದಲ್ಲಿ ಇದನ್ನು ಪ್ರಯತ್ನಿಸಿ ಆಗಿದೆ. 1932ರ ‘ಸ್ಕಾರ್‌ಫೇಸ್’ಗೆ ‘ದೇಶದ ಅವಮಾನ’ ಎಂಬ ಉಪಶೀರ್ಷಿಕೆ ಹಚ್ಚಿದರು, ಆರಂಭದಲ್ಲಿ ಎಚ್ಚರಿಕೆಯ ಬರಹ ಹಾಕಿದರು, ಸೆನ್ಸಾರಿನವರಿಗಾಗಿ ನಾಯಕನನ್ನು ಗಲ್ಲಿಗೇರಿಸುವ ಇನ್ನೊಂದು ಅಂತ್ಯವನ್ನೂ ಚಿತ್ರಿಸಿದರು. ಸೆಳೆತ ಕಡಿಮೆಯಾಗಲಿಲ್ಲ. ನಿಧಾನಗತಿಯಲ್ಲಿ, ಸಂಗೀತದ ನಡುವೆ ಬೀಳುವ ಹೆಣ ಹುಡುಗನ ಕಣ್ಣಿಗೆ ಶಿಕ್ಷೆಯಲ್ಲ, ವೀರಮರಣ. ಅವನನ್ನು ತಟ್ಟುವುದು ಸಾವಲ್ಲ, ಸಣ್ಣತನ: ಪಾಲು ಸಿಗದಿರುವುದು, ಆಸ್ಪತ್ರೆಯ ಬಿಲ್ಲು, ಕೋರ್ಟಿನ ವಾಯಿದೆ.

ನನ್ನ ಅಂದಾಜಿನಲ್ಲಿ ಈಗ ಇಡೀ ಸಿನಿಮಾಕ್ಕಿಂತ ಅಪಾಯದ್ದು ಮೂವತ್ತು ಸೆಕೆಂಡಿನ ತುಣುಕು. ಅದರಲ್ಲಿ ಪ್ರವೇಶ ಇದೆ, ಡೈಲಾಗ್ ಇದೆ, ಪರಿಣಾಮ ಇಲ್ಲ. ಅದಕ್ಕೆ ಹತ್ತು ನಿಮಿಷದ ನಿಯಮ ಮಾಡಿದ್ದೇವೆ. ಪ್ರತಿಯೊಬ್ಬರೂ ಫೋನಿನಲ್ಲಿ ಉಳಿಸಿಕೊಂಡ ಒಂದು ತುಣುಕು ತರಬೇಕು, ಅದು ಮೂಲ ಸಿನಿಮಾದಲ್ಲಿ ಎಲ್ಲಿದೆ ಹುಡುಕಬೇಕು, ಅಲ್ಲಿಂದ ಮುಂದಿನ ಹತ್ತು ನಿಮಿಷ ನೋಡಿ ಬಂದು ಹೇಳಬೇಕು. ಹುಡುಕಲು ಒಂದು ವಾರ ಕೊಡಿ, ಅಲ್ಲೇ ಕೂರಿಸಿ ಹುಡುಕಿಸಿದರೆ ಒಂದು ಗಂಟೆ ಹಾಳು. ತುಣುಕಿನ ಬಲ ಎಷ್ಟೆಂದು ತೋರಿಸಲು ಇಟಲಿಯ ಉದಾಹರಣೆ ಹೇಳುತ್ತೇವೆ. ನೇಪಲ್ಸ್ ಬಳಿಯ ಕಾಸಲ್ ದಿ ಪ್ರಿನ್ಸಿಪೆಯಲ್ಲಿ ಕಮೋರಾ ಎಂಬ ಅಲ್ಲಿನ ಮಾಫಿಯಾ ಗುಂಪಿನ ವಾಲ್ಟರ್ ಸ್ಕಿಯಾವೊನೆ 1983ರ ‘ಸ್ಕಾರ್‌ಫೇಸ್’ ನಾಯಕನ ಬಂಗಲೆಯಂತೆಯೇ ಮನೆ ಕಟ್ಟಿಸಿಕೊಂಡ. 2008ರ ‘ಗೊಮೊರ್ರಾ’ ಸಿನಿಮಾದಲ್ಲಿ ಅದೇ ನಾಯಕನ ಮಾತುಗಳನ್ನು ಆಡುತ್ತ ತಿರುಗುವ ಇಬ್ಬರು ಹುಡುಗರು ಬರುತ್ತಾರೆ. ಕೊನೆಗೆ ಅವರ ಹೆಣಗಳು ಬುಲ್‌ಡೋಜರಿನ ಬಕೆಟ್ಟಿನಲ್ಲಿ ಹೋಗುತ್ತವೆ. ಸಂಗೀತವಿಲ್ಲ.

ಕೊಟ್ಟವರ ಕಡೆಯ ಹಾಳೆಯನ್ನು ಸಿಸಿಲಿಯಿಂದ ತೆಗೆದುಕೊಂಡಿದ್ದೇವೆ. ಪಲೆರ್ಮೊದಲ್ಲಿ ಬಟ್ಟೆ ಕಾರ್ಖಾನೆ ನಡೆಸುತ್ತಿದ್ದ ಲಿಬೆರೊ ಗ್ರಾಸ್ಸಿ ವಸೂಲಿಗಾರರಿಗೆ ಹಣ ಕೊಡುವುದಿಲ್ಲ ಎಂದು 1991ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಆಗಸ್ಟ್ 29ರಂದು ಅವರನ್ನು ಕೊಂದರು. 2004ರಲ್ಲಿ ಅದೇ ಊರಿನ ಕೆಲವು ತರುಣರು ಇರುಳಲ್ಲಿ ಗೋಡೆಗಳ ಮೇಲೆ ಚೀಟಿ ಅಂಟಿಸಿ ಶುರು ಮಾಡಿದ ಆಂದೋಲನದಿಂದ ಹಫ್ತಾ ಕೊಡದ ಅಂಗಡಿಗಳು ಒಟ್ಟಾದವು. ಇದನ್ನು ಓದಿಸಿದಾಗ ಹುಡುಗರು ಕೇಳುವ ಪ್ರಶ್ನೆ: ಇವರ ಮೇಲೆ ನಮ್ಮಲ್ಲಿ ಯಾಕೆ ಸಿನಿಮಾ ಬರುವುದಿಲ್ಲ? ಆ ಪ್ರಶ್ನೆಗೆ ಉತ್ತರ ಕೊಡಲು ಹೋಗಬೇಡಿ, ನೋಟ್‌ಬುಕ್ಕಿನಲ್ಲಿ ಬರೆಸಿ.

ಊರಿನ ಲೆಕ್ಕಕ್ಕೆ ಅರ್ಧ ಗಂಟೆ ತೆಗೆದಿಡಬೇಕು. ಯಾರ ಹೆಸರೂ, ಯಾವ ಅಂಗಡಿ, ಯಾವ ಓಣಿಯ ಮಾತೂ ಬರಕೂಡದು. ನಿಯಮ ಮುರಿದರೆ ಆ ದಿನದ ಮಾತು ಅಲ್ಲಿಗೇ ನಿಲ್ಲಿಸುವುದು. ಇದು ಶಿಸ್ತಿಗಾಗಿ ಅಲ್ಲ, ಬಂದ ಮಕ್ಕಳ ಸುರಕ್ಷೆಗಾಗಿ. ಮೂರು ಕೆಲಸಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ಏಕೆಂದರೆ ಹುಡುಗರನ್ನು ಹುಡುಕಿಕೊಂಡು ಬರುವುದು ಇವೇ.

ಮೊದಲನೆಯದು ಚಿನ್ನದ ಕ್ಯಾರಿಯರ್, ಸುಂಕ ಕಟ್ಟದೆ ವಿದೇಶದಿಂದ ಚಿನ್ನ ಹೊತ್ತು ತರುವವನು. 2024ರಲ್ಲಿದ್ದಂತೆ ಕಿಲೋಗೆ ಸುಮಾರು 70 ಲಕ್ಷ ಎಂದು ಹಿಡಿದರೆ ಶೇ 15ರ ಸುಂಕ ಇದ್ದಾಗ ಅದನ್ನು ತಪ್ಪಿಸಿ ಉಳಿಯುತ್ತಿದ್ದದ್ದು 10.5 ಲಕ್ಷ. 2024ರ ಜುಲೈಯಲ್ಲಿ ಸುಂಕ ಶೇ 6ಕ್ಕೆ ಇಳಿದ ಮೇಲೆ 4.2 ಲಕ್ಷ. ಆ ಹಣ ಹಂಚಿಹೋಗಿ ಕ್ಯಾರಿಯರ್ ಕೈಗೆ ಬರುವುದು ಟಿಕೆಟ್ಟು, ಒಂದಿಷ್ಟು ಕೂಲಿ. ಆದರೆ ಸಿಕ್ಕಿಬಿದ್ದರೆ ಕೇಸು ಪೂರ್ತಿ ಅವನದ್ದು. ಅದರ ಮೇಲೆ ಪೊಟ್ಟಿಕ್ಕಲ್ ಎನ್ನುವುದೊಂದಿದೆ, ದಾರಿಯಲ್ಲಿ ಇನ್ನೊಂದು ಗ್ಯಾಂಗು ಅಡ್ಡಹಾಕಿ ಕಿತ್ತುಕೊಳ್ಳುವುದು. ಪೊಲೀಸರಿಗೆ ದೂರು ಕೊಡುವಂತಿಲ್ಲ, ಮಾಲಿನವನು ಕ್ಯಾರಿಯರ್‌ನನ್ನೇ ಕಳ್ಳ ಎನ್ನುತ್ತಾನೆ. ಎರಡನೆಯದು ಬ್ಯಾಂಕ್ ಖಾತೆ ಬಾಡಿಗೆಗೆ ಕೊಡುವುದು. ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೊಟ್ಟು ಕೆಲವು ಸಾವಿರ ಪಡೆದವನಿಗೆ ತಾನು ಏನೂ ಮಾಡಿಲ್ಲ ಅನಿಸುತ್ತದೆ. ಆನ್‌ಲೈನ್ ವಂಚನೆಯ ಹಣ ಆ ಖಾತೆಯಿಂದ ದಾಟಿದರೆ ಪೊಲೀಸರು ಮೊದಲು ತಟ್ಟುವ ಬಾಗಿಲು ಖಾತೆದಾರನದು. ಮೂರನೆಯದು ಎಂಡಿಎಂಎ ಎಂಬ ಮಾದಕವಸ್ತುವನ್ನು ತಲುಪಿಸುವುದು. ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ 10 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಕನಿಷ್ಠ 10 ವರ್ಷ, 20ರವರೆಗೂ ಹೋಗಬಹುದು, ದಂಡ ಕನಿಷ್ಠ 1 ಲಕ್ಷ, ಜಾಮೀನು ಬಹಳ ಕಷ್ಟ. 10 ಗ್ರಾಂ ಎಷ್ಟೆಂದು ತಿಳಿಸಲು ಅಡಿಗೆಯ ತಕ್ಕಡಿಯಲ್ಲಿ ಉಪ್ಪು ತೂಗಿ ಅಂಗೈಯಲ್ಲಿ ಹಾಕುತ್ತೇವೆ. ಆ ಹೊತ್ತಿಗೆ ಯಾರೂ ಮಾತಾಡುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಸಂಘಟಿತ ಅಪರಾಧದ್ದು. ಇಂಥ ಕೂಟದ ಸದಸ್ಯ ಎಂದು ಸಾಬೀತಾದರೇ ಕನಿಷ್ಠ 5 ವರ್ಷ, ದಂಡ ಕನಿಷ್ಠ 5 ಲಕ್ಷ. ಅಪರಾಧಿಯನ್ನು ಅಡಗಿಸಿಟ್ಟ ಗೆಳೆಯನಿಗೂ ಕನಿಷ್ಠ 3 ವರ್ಷ. ಗೂಂಡಾಗಳನ್ನು ತಡೆಯುವ ಕೇರಳದ 2007ರ ಕಾಪ್ಪ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸ್ವಂತ ಜಿಲ್ಲೆಗೆ ಕಾಲಿಡದಂತೆ ಮಾಡಬಹುದು. ಆದರೆ ಶಿಕ್ಷೆಯ ಅಂಕಿಗಿಂತ ವಾಯಿದೆಯ ಅಂಕಿ ಹುಡುಗರನ್ನು ಹೆಚ್ಚು ಯೋಚಿಸುವಂತೆ ಮಾಡುತ್ತದೆ. ಕೇಸು ಮಂಗಳೂರಿನಲ್ಲಿ ಎಂದು ಹಿಡಿಯಿರಿ. ಒಂದು ದಿನದ ಕೂಲಿ 900 ಹೋಯಿತು, ಬಸ್ಸು ಊಟಕ್ಕೆ 200. ವರ್ಷಕ್ಕೆ ಹತ್ತು ವಾಯಿದೆ ಎಂದರೆ 11,000, ಆರು ವರ್ಷಕ್ಕೆ 66,000. ವಕೀಲರ ಫೀಸು ಬೇರೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಪೊಲೀಸ್ ವರದಿಯಲ್ಲಿ ಆ ಕೇಸು ಬರುತ್ತದೆ. ಗಲ್ಫ್ ಕನಸಿಲ್ಲದ ಮನೆ ನಮ್ಮಲ್ಲಿ ಕಡಿಮೆ, ಈ ಕೊನೆಯ ಸಾಲನ್ನು ಯಾರೂ ಮರೆಯುವುದಿಲ್ಲ.

ಯಾರಾದರೂ ಆಮೇಲೆ ಒಬ್ಬರೇ ಬಂದು ನಾನು ಸಿಕ್ಕಿಕೊಂಡಿದ್ದೇನೆ ಎಂದರೆ ವಿವರ ಕೆದಕಬೇಡಿ, ಬುದ್ಧಿ ಹೇಳಬೇಡಿ, ಬರೆದಿಟ್ಟುಕೊಳ್ಳಬೇಡಿ. ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ, ಉಚಿತ ಕಾನೂನು ನೆರವಿನ ಸಂಖ್ಯೆ 15100. ಹದಿನೆಂಟರೊಳಗಿನವರಾದರೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಹಿಂಬದಿಯ ರಟ್ಟಿನ ಮೇಲೆ ಮೊದಲ ದಿನವೇ ಎಲ್ಲರಿಂದಲೂ ಬರೆಸಿರಬೇಕು. ಆಗ ಯಾರು ಯಾವಾಗ ನೋಡಿಕೊಂಡರು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಐದನೆಯ ಭಾನುವಾರ ಮುಗಿದ ಮೇಲೆ ಚೀಟಿಯ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ: ಯಾವ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು ಅನಿಸಿತು? ಸಾಲು ತಪ್ಪಿಸುವ ದೃಶ್ಯ ಪಟ್ಟಿಯಿಂದ ಮಾಯವಾಗುವುದಿಲ್ಲ, ಆಗಬೇಕೆಂದೂ ಇಲ್ಲ. ಆದರೆ ಹೋಟೆಲ್ ಮಾಲೀಕ, ಶವಸಂಸ್ಕಾರದವನು, ಮುಚ್ಚಿದ ಬಾಗಿಲಿನ ಹೆಂಡತಿ ಅದರ ಪಕ್ಕದಲ್ಲಿ ಬಂದು ಕೂರುತ್ತಾರೆ. ಮೊದಲ ವಾರದ ಚೀಟಿಗಳನ್ನೂ ಇವನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ದಿನಾಂಕ ಬರೆದು ವಾಚನಾಲಯದ ಕಪಾಟಿನಲ್ಲಿ ಇಡಿ. ನೋಟ್‌ಬುಕ್ ಬರೆದವರಿಗೇ ಬಿಟ್ಟುಬಿಡಿ, ತೆಗೆದುಕೊಳ್ಳಬೇಡಿ. ಬೆಳ್ಳಿ ಮೀನಿನ ಹುಳ ಕಾಗದ ತಿನ್ನುತ್ತದೆ, ಲಕೋಟೆಯ ಜತೆ ನಾಲ್ಕು ನುಸಿಗುಳಿಗೆ ಹಾಕಿಡಿ.